ದೊರಸಾನಿಗೂ ಒಂದು ಪಾಲು

ಮಾದನ್ ಪೂರ್ತಿಯಾಗಿ ಕೂತದ್ದನ್ನು ಕಂಡವರು ನಮ್ಮ ಕಡೆ ತೀರ ಕಡಿಮೆ. ವಯನಾಡಿನ ತೋಲ್ಪೆಟ್ಟಿ ರಸ್ತೆಯ ಚಹಾದಂಗಡಿಯಲ್ಲಿ ಬೆಂಚು ಖಾಲಿ ಬಿದ್ದಿದ್ದರೂ ಅವನು ಅದರ ಪಕ್ಕದಲ್ಲಿ ತುದಿಗಾಲ ಮೇಲೆ ಕುಕ್ಕರಿಸಿ, ಹಿಮ್ಮಡಿಯನ್ನು ನೆಲಕ್ಕೆ ತಾಗಗೊಡದೆ, ಒಂದು ಕೈಯಲ್ಲಿ ಗ್ಲಾಸು ಹಿಡಿದು ಇನ್ನೊಂದು ಕೈಯ ಬೆರಳ ತುದಿಯನ್ನು ಮಣ್ಣಿಗೆ ಊರಿ, ಯಾರಾದರೂ ಕೂಗಿದರೆ ಎದ್ದು ಓಡಲು ಸಿದ್ಧನಾದವನ ಭಂಗಿಯಲ್ಲಿ ಚಹಾ ಮುಗಿಸುತ್ತಿದ್ದ. ಕೇಳಿದರೆ, ಕಾಡಿನಲ್ಲಿ ಬೆಳೆದ ಮೈ, ಆನೆ ಬಂದರೆ ಏಳಲು ತಡವಾಗಬಾರದಲ್ಲ ಎನ್ನುತ್ತಿದ್ದ. ಆದರೆ ಮಾನಂತವಾಡಿಯ ಸರ್ಕಾರಿ ಕಚೇರಿಯ ಜಗಲಿಯಲ್ಲೂ ಅವನು ಹಾಗೆಯೇ ಕೂರುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿಗೆ ಆನೆ ಬಂದದ್ದನ್ನು ಮಾತ್ರ ಯಾರೂ ಕಂಡಿಲ್ಲ.

ಆಳು ಗಿಡ್ಡ, ಐದಡಿಗೆ ಒಂದಂಗುಲ ಕಡಿಮೆಯೇ. ಜೇನಿಗಾಗಿ ಮರ ಹತ್ತಿ ಹತ್ತಿ ಕಾಲ್ಬೆರಳುಗಳು ಹೊರಚಾಚಿ, ನೆಲವನ್ನು ಹಿಡಿದು ಬಿಡುವಂತೆ ನಡೆಯುತ್ತಿದ್ದ. ಕಾಡಿನ ಕಾಲುದಾರಿಯ ಅಭ್ಯಾಸ ಬಿಡದೆ, ಎರಡು ಲಾರಿ ಒಟ್ಟಿಗೆ ಹೋಗುವ ಡಾಂಬರು ರಸ್ತೆಯಲ್ಲೂ ಅವನು ಮುಂದೆ, ಜೊತೆಯವರು ಹಿಂದೆ. ಮಾತೆಲ್ಲ ಹೆಗಲ ಮೇಲಿಂದ ಹಿಂದಕ್ಕೆ ಬರುತ್ತಿತ್ತು. ಹೀಗಾಗಿ ಅವನ ಮುಖಕ್ಕಿಂತ ಅವನ ಹೆಡಕತ್ತಿನ ಪರಿಚಯ ನನಗೆ ಹೆಚ್ಚು. ಅವನ ಕುಲವಾದ ಕಾಟ್ಟುನಾಯ್ಕರ ಮಾತು ಕನ್ನಡದ ಒಡಹುಟ್ಟು, ಅದಕ್ಕೆ ಮಲಯಾಳದ ಒಗ್ಗರಣೆ. ನಮಗಿಬ್ಬರಿಗೂ ಅರ್ಥವಾಗಲು ಯಾವ ತೊಡಕೂ ಇರಲಿಲ್ಲ. ತನಗೆ ಹಿಡಿಸದ ಮಾತು ಬಂದಾಗ ಅವನು ವಾದಿಸುತ್ತಿರಲಿಲ್ಲ, ‘ಅದಿರಲಿ ಮಾಷೇ’ ಎನ್ನುತ್ತಿದ್ದ. ಮೂವತ್ತು ವರ್ಷ ಮೇಷ್ಟ್ರಾಗಿ ಮಕ್ಕಳಿಗೆ ಪಾಠ ಹೇಳಿದ ನನ್ನ ಅದೆಷ್ಟೋ ಘನ ವಿಚಾರಗಳು ಆ ಎರಡು ಪದಗಳ ಏಟಿಗೆ ದಾರಿಯಲ್ಲೇ ಸತ್ತಿವೆ.

ನಮ್ಮದು ಕರ್ನಾಟಕದಿಂದ ಬಂದು ಎಷ್ಟೋ ತಲೆಮಾರಾದ ಜೈನ ಮನೆತನ. ಕನ್ನಡ ಒಲೆಯ ಮುಂದೆ, ಮಲಯಾಳ ಶಾಲೆ ಕಚೇರಿಯಲ್ಲಿ. ನಾವು ಜೇನು ಮುಟ್ಟುವವರಲ್ಲ. ಜೇನು ಕೀಳುವುದೇ ಕಸುಬಾದ ಮಾದನ್‌ಗೆ ಇದನ್ನು ಕೇಳಿ ನಮ್ಮ ಮೇಲೆ ಹುಟ್ಟಿದ ಕನಿಕರ ಕೊನೆಯವರೆಗೂ ಹೋಗಲಿಲ್ಲ. ಸೀಗೆಕಾಯಿ ತಂದುಕೊಡುತ್ತಿದ್ದ, ಕಾಫಿ ಕೊಯ್ಲಿಗೆ ಮಗಳು ಶಾಂತಳನ್ನು ಕರೆದುಕೊಂಡು ಬರುತ್ತಿದ್ದ, ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುವ ನಮ್ಮ ಮನೆಯ ಅವಸರವನ್ನು ನೋಡಿ ಒಳಗೊಳಗೇ ನಗುತ್ತಿದ್ದ.

ಅವನ ಚಡಪಡಿಕೆಯ ಕಾರಣ ನನಗೆ ತಿಳಿದದ್ದು ಪರಿಚಯವಾಗಿ ಹನ್ನೆರಡು ವರ್ಷದ ಮೇಲೆ. ಅರವತ್ತರ ದಶಕ ಮುಗಿಯುತ್ತಿದ್ದ ಹಾಗೆ ನಕ್ಸಲರ ಗಾಳಿ ನಮ್ಮ ಕಾಡುಗಳಲ್ಲಿ ಬೀಸಿದಾಗ ಅವನಿಗೆ ಇಪ್ಪತ್ತು ವರ್ಷ. ಅವರ ಹಾಡಿ ಆಗ ಬೇಗೂರಿನ ಆಚೆ, ದೊರೆಗಳ ಕಾಲದ ಒಂದು ಕಾಫಿ ತೋಟದ ಬಂಗಲೆಯ ಹಿಂದಿನ ಇಳಿಜಾರಿನಲ್ಲಿತ್ತು. ಒಂದು ಬೆಳಿಗ್ಗೆ ಬಂದೂಕು ಹಿಡಿದ ನಾಲ್ಕು ಮಂದಿ ಹುಡುಗರು ಹಸಿದು ಬಂದರು. ಮಾದನ್‌ನ ತಾಯಿ ಚಾತಿ ಅವರು ಯಾರು, ಯಾರ ಮೇಲೆ ಹೊರಟವರು ಎಂದು ವಿಚಾರಿಸಲಿಲ್ಲ; ಅವರ ಮುಖ ನೋಡಿದಳು, ಮಡಕೆ ನೋಡಿದಳು, ಇದ್ದದ್ದನ್ನು ಬಡಿಸಿದಳು. ವಾರದೊಳಗೆ ಬಂಗಲೆಯಲ್ಲಿ ಪೋಲೀಸರ ಠಾಣ್ಯ ಬಿತ್ತು. ಅನ್ನ ಕೊಟ್ಟವರನ್ನು ಕಾಫಿ ಉಗ್ರಾಣದಲ್ಲಿ ಕೂಡಿಹಾಕಿ ವಿಚಾರಿಸಿದರು. ನಾಲ್ಕು ದಿನದ ಮೇಲೆ ಹಿಂದಿರುಗಿದ ಚಾತಿ ಒಂಬತ್ತನೆಯ ದಿನ ತೀರಿಕೊಂಡಳು. ಅದೇ ಮಳೆಗಾಲದಲ್ಲಿ ಅವಳ ಅಕ್ಕ, ತಮ್ಮ, ಇನ್ನಿಬ್ಬರು ಹಿರಿಯರೂ ಹೋದರು. ಐವರನ್ನೂ ಆ ಇಳಿಜಾರಿನಲ್ಲೇ ಮಣ್ಣು ಮಾಡಿ ಉಳಿದವರು ಕೈ ತೊಳೆಯುವುದರೊಳಗೆ ತೋಟದವರು ಹಾಡಿಯನ್ನು ಕಿತ್ತು ರಸ್ತೆಯ ಬದಿಗೆ ಹಾಕಿದರು. ತೋಟಕ್ಕೆ ಮುಳ್ಳುತಂತಿಯ ಬೇಲಿ ಬಂತು, ಗೇಟು ಬಂತು.

ಅವರ ಕುಲದಲ್ಲಿ ಸತ್ತವರನ್ನು ಮಣ್ಣು ಮಾಡಿದರೆ ಕೆಲಸ ಅರ್ಧ ಮುಗಿದಂತೆ. ಕೆಲವು ತಿಂಗಳ ಮೇಲೆ ಹಿರಿಮಗ ಅಲ್ಲಿಗೆ ಹೋಗಿ, ಎಲೆಯ ಮೇಲೆ ಚೋರು, ಅಂದರೆ ಅನ್ನ, ಇಟ್ಟು, ಹೊಲದಲ್ಲಿದ್ದವರನ್ನು ಊಟಕ್ಕೆ ಕರೆಯುವ ಧ್ವನಿಯಲ್ಲೇ ಅವರನ್ನು ಕರೆದು, ಅವರು ಉಣ್ಣುವಷ್ಟು ಹೊತ್ತು ಎದುರಿಗೆ ಕೂತು, ಆಮೇಲೆ ಮುಂದೆ ಮುಂದೆ ನಡೆದು ಮನೆಗೆ ಕರೆತರಬೇಕು. ಮನೆಯ ಬಳಿಯ ಮರದಡಿ ಒಬ್ಬೊಬ್ಬರಿಗೂ ಒಂದೊಂದು ಕಲ್ಲು ನೆಟ್ಟು ಕೂರಿಸಬೇಕು. ಕರೆಯುವುದು ಒಂದೇ ಸಲ. ಕರೆದ ಮೇಲೆ ಅವರು ಕರೆದವನ ಪಾಲು, ಅವರಿಗೊಂದು ಜಾಗ ಆಗುವವರೆಗೆ ಅವನಿಗೆ ಬಿಡುಗಡೆಯಿಲ್ಲ.

ಜೈನನಾದ ನನಗೆ ಇದೆಲ್ಲ ಹೊಸದು. ನಮ್ಮಲ್ಲಿ ಶ್ರಾದ್ಧವೂ ಇಲ್ಲ, ಪಿಂಡವೂ ಇಲ್ಲ. ದೇಹ ಬಿಟ್ಟ ಜೀವ ಆ ಕ್ಷಣದಲ್ಲೇ ಇನ್ನೊಂದು ಗತಿಗೆ ಹೋಯಿತು ಎಂದು ನಂಬಿದವರು ನಾವು. ಹಾಗೆಂದು ಒಮ್ಮೆ ಅವನಿಗೆ ಸಮಾಧಾನ ಹೇಳಲು ಹೋದೆ. ‘ಅದಿರಲಿ ಮಾಷೇ’ ಎಂದ. ಬೇಲಿಯ ಅಡಿಯಲ್ಲಿ ನುಸುಳಿ ಹೋಗಿ ಕರೆದು ಬರಬಹುದಿತ್ತಲ್ಲ ಎಂದೆ. ನಡೆಯುತ್ತಿದ್ದವನು ನಿಂತ, ಅಂದು ಅವನ ಮುಖ ಕಂಡೆ.

“ಕಳ್ಳನ ಹಂಗೆ ಹೊಟ್ಟೆ ಮೇಲೆ ತೆವಳಿ ಅವ್ವನ್ನ ಕರ್ಕೊಂಡು ಬರೋದಾ? ಅವಳೂ ತೆವಳಬೇಕಾ?”

ಗೇಟಿನಿಂದಲೇ ಬರಬೇಕು, ನೆಟ್ಟಗೆ ನಡೆದು ಬರಬೇಕು. ಇಪ್ಪತ್ತೈದು ವರ್ಷಗಳಲ್ಲಿ ಬಂದ ಒಬ್ಬೊಬ್ಬ ಮ್ಯಾನೇಜರನ ಮುಂದೆಯೂ ಅವನು ಒಂದು ದಿನದ ಅನುಮತಿ ಕೇಳಿದ್ದ. ಇಂದು ಸಮಾಧಿ ತೋರಿಸಿದವರು ನಾಳೆ ನೆಲ ಕೇಳುತ್ತಾರೆ ಎಂದು ಒಬ್ಬೊಬ್ಬನೂ ಇಲ್ಲವೆಂದಿದ್ದ. ಅಮ್ಮ ಬೇಲಿಯೊಳಗೆ, ಮಗ ಬೇಲಿಯ ಹೊರಗೆ. ನಡುವೆ ಅರ್ಧ ಮೈಲಿ. ಅವನು ಹಿಮ್ಮಡಿ ಊರಿ ಕೂರುವುದು ಹೇಗೆ?

ಅಂಥ ಹೊತ್ತಿನಲ್ಲಿ ಬೆಂಗಳೂರಿನಿಂದ ದೆವ್ವಗಳು ಬಂದವು. ತೊಂಬತ್ತರ ದಶಕದ ನಡುವಿನ ಮಾತು. ಪರದೇಶದ ಹಳೆಯ ಪ್ರಸಿದ್ಧ ಕತೆಗಳನ್ನು, ಪಾಳುಬಂಗಲೆ, ಮುಚ್ಚಿದ ಕೋಣೆ, ತಾನಾಗಿ ತೆರೆಯುವ ಬಾಗಿಲುಗಳ ಸಮೇತ, ವಾರಕ್ಕೊಂದರಂತೆ ಕನ್ನಡ ಟೀವಿಗೆ ಇಳಿಸುವ ಧಾರಾವಾಹಿಯ ತಂಡವೊಂದಿತ್ತು. ಆ ತಂಡಕ್ಕೆ ಕಡಿಮೆ ಬಾಡಿಗೆಯ, ನಿಜವಾಗಿಯೂ ಹಳೆಯದಾದ ಒಂದು ಬಂಗಲೆ ಬೇಕಿತ್ತು. ಕುಟ್ಟದ ದಾರಿಯಾಗಿ ಬಂದವರು ಚಾತಿಯನ್ನು ಮಣ್ಣು ಮಾಡಿದ್ದ ಇದೇ ತೋಟಕ್ಕೆ ಮರುಳಾದರು. ತಂಡಕ್ಕೆ ಮಲಯಾಳ ಬಾರದು, ತೋಟದವರಿಗೆ ಕನ್ನಡ ಬಾರದು. ಬೇಸಿಗೆ ರಜೆಯಲ್ಲಿದ್ದ ನಾನು ನಡುವಿನ ನಾಲಿಗೆಯಾಗಿ ಸೇರಿದೆ. ಆನೆ ಬಂದರೆ ಎಚ್ಚರಿಸಲು ಒಬ್ಬರು ಬೇಕೆಂದಾಗ ಮಾದನ್‌ನ ಹೆಸರು ಕೊಟ್ಟೆ. ಗೇಟಿನ ಕಾವಲುಗಾರ ಶ್ರೀಧರನ್ ಪಟ್ಟಿ ನೋಡಿದ, ಮಾದನ್‌ನ ಮುಖ ನೋಡಿದ, ಮತ್ತೆ ಪಟ್ಟಿ ನೋಡಿದ, ಬಾಗಿಲು ತೆರೆದ. ಒಳಗೆ ಬಂದ ಮಾದನ್ ಬಂಗಲೆಯ ಕಡೆ ತಿರುಗಿಯೂ ನೋಡದೆ ಹಿಂದಿನ ಇಳಿಜಾರನ್ನು ನೋಡುತ್ತ ನಿಂತ. ನನಗೆ ಆಗಲೇ ಹೊಳೆಯಬೇಕಿತ್ತು. ನಾನೋ ದೀಪದವರಿಗೆ ಊಟದ ವ್ಯವಸ್ಥೆ ಮಾಡುವ ಗಡಿಬಿಡಿಯಲ್ಲಿದ್ದೆ.

ಚಿತ್ರೀಕರಣವೆಂಬುದು ನೋಡುವವರಿಗೆ ದೊಡ್ಡ ತಮಾಷೆ. ಬಂಗಲೆಯ ನಿಜವಾದ ಜೇಡರ ಬಲೆಗಳನ್ನೆಲ್ಲ ಗುಡಿಸಿ ತೆಗೆದು ಆ ಜಾಗದಲ್ಲಿ ಅಂಟಿನಿಂದ ಬೇರೆ ಬಲೆ ನೇಯ್ದರು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ನಡುರಾತ್ರಿ ಮಾಡಿದರು. ಹೊರಗೆ ವಯನಾಡಿನ ಮಂಜು ಬೆಳಗಿನ ಹೊತ್ತು ಬಾಗಿಲಲ್ಲೇ ಬಿದ್ದಿರುತ್ತಿದ್ದರೂ ಒಳಗೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಕೆಮ್ಮುತ್ತ ಮಂಜು ಎಬ್ಬಿಸಿದರು. ಮಾದನ್ ಇದನ್ನೆಲ್ಲ ಕುಕ್ಕರಿಸಿಕೊಂಡು ಗಮನಿಸಿ, ಇವರಿಗೆ ಯಾವುದೂ ತಾನಾಗಿ ಬರುವವರೆಗೆ ಕಾಯುವ ತಾಳ್ಮೆ ಇಲ್ಲವಲ್ಲ ಎಂದಷ್ಟೇ ಹೇಳಿದ.

ಆ ವಾರದ ಕತೆ ಒಬ್ಬ ದೊರಸಾನಿಯದು. ಗಂಡ ಅನುಮಾನಪಟ್ಟು ಅವಳನ್ನು ಕೋಣೆಯಲ್ಲಿಟ್ಟು ಬೀಗ ಹಾಕಿ ಬಂದರಿನ ಕಡೆ ಹೋಗುತ್ತಾನೆ, ದಾರಿಯಲ್ಲಿ ಸಾಯುತ್ತಾನೆ. ಇವಳು ಒಳಗೆ ಹಸಿದು ಸಾಯುತ್ತಾಳೆ. ಆಮೇಲೆ ಕೈಯಲ್ಲಿ ಮೇಣದ ದೀಪ ಹಿಡಿದು ಬಂಗಲೆಯಲ್ಲಿ ಅಲೆಯುತ್ತಾಳೆ. ನಾನು ಇದನ್ನು ಹೇಳಿ ಮುಗಿಸಿದಾಗ ಎಲ್ಲರೂ ಹೆದರುವ ಜಾಗದಲ್ಲಿ ಮಾದನ್‌ಗೆ ಹೆದರಿಕೆಯ ಬದಲು ಸಂಕಟವಾಯಿತು. ಅವಳಿಗೆ ಆಮೇಲಾದರೂ ಅನ್ನ ಇಟ್ಟವರು ಯಾರು ಎಂದು ಕೇಳಿದ. ಯಾರೂ ಇಲ್ಲ, ಇದು ಕತೆ ಎಂದೆ. ಕತೆಯಲ್ಲೇ ಆಗಲಿ, ಹಸಿದು ಸತ್ತವಳು ಸತ್ತಂತೆಯೇ ಅಲ್ಲವೋ, ಅಲೆಯದೆ ಇನ್ನೇನು ಮಾಡಿಯಾಳು ಎಂದು ಅವನು ಕೋಪದಿಂದಲೇ ಹೇಳಿದ. ನಿರ್ದೇಶಕರು ನಕ್ಕರು, ನಕ್ಕವರೇ ಕತೆ ತಿದ್ದಿದರು. ಬಂಗಲೆಯ ಮುದಿ ಜವಾನನೊಬ್ಬ ಆ ಪ್ರೇತವನ್ನು ಅನ್ನವಿಟ್ಟು ಕರೆಯಬೇಕು, ಆ ಜವಾನ ಇವನೇ ಆಗಬೇಕು. ಒಬ್ಬ ಎತ್ತರದ ನಟನಿಗೆ ಹೊಲಿಸಿದ್ದ, ಹಿತ್ತಾಳೆ ಗುಂಡಿಯ ಕರಿ ಉಣ್ಣೆಯ ಕೋಟನ್ನು ಅವನಿಗೆ ತೊಡಿಸಿದರು. ಅದು ಮೊಣಕಾಲು ದಾಟಿ ಮೀನಖಂಡಕ್ಕೆ ಬಂತು. ಅವನು ಮೊದಲು ಮಾಡಿದ ಕೆಲಸವೆಂದರೆ ಅದರ ಜೇಬಿಗೆ ರಕ್ತ ಹೀರುವ ಇಂಬಳದ ಕಾಟಕ್ಕೆಂದು ಉಪ್ಪಿನ ಪೊಟ್ಟಣ ಸೇರಿಸಿದ್ದು. ಆಮೇಲೆ, ಕರೆಯುತ್ತೇನೆ, ಆದರೆ ಕೋಣೆಯೊಳಗಲ್ಲ, ಆ ಇಳಿಜಾರಿನಲ್ಲಿ ಎಂದ. ಅಲ್ಲಿನ ಮಂಜು, ಮರ ನೋಡಿ ನಿರ್ದೇಶಕರಿಗೆ ಸ್ವರ್ಗವೇ ಸಿಕ್ಕಿತು.

ಮರುದಿನ ಮಧ್ಯಾಹ್ನ ಇಳಿಜಾರಿನಲ್ಲಿ ಎಲೆ ಹಾಸಿದ. ಒಂದು ಹಿಡಿ ಅನ್ನ ಇಡಬೇಕಾದವನು ಐದು ಹಿಡಿ ಇಟ್ಟ. ಕ್ಯಾಮೆರಾ ಓಡಿತು. ಮಾದನ್ ಕರೆದ. ಕಿರುಚಲಿಲ್ಲ, ನಡುಗಲಿಲ್ಲ, ಹೊಳೆಯಾಚೆ ಸೌದೆ ಆಯುತ್ತಿರುವವರಿಗೆ ಕೇಳಿಸುವಷ್ಟು ಎತ್ತರದ ಧ್ವನಿಯಲ್ಲಿ, ಅವ್ವಾ ಎಂದ, ದೊಡ್ಡವ್ವಾ ಎಂದ, ಮಾಮಾ ಎಂದ, ಇನ್ನಿಬ್ಬರನ್ನು ಹೆಸರು ಹಿಡಿದು ಕರೆದ, ಬಾ, ಚೋರು ಆರಿ ಹೋಗ್ತದೆ, ತಡ ಆಯ್ತು, ಬೈಬೇಡ ಎಂದ. ಕರೆದು ಮುಗಿಸಿ ಎಲೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ, ಸೊಂಟದ ಭಾರವನ್ನೆಲ್ಲ ಮಣ್ಣಿಗೆ ಬಿಟ್ಟು, ಪೂರ್ತಿಯಾಗಿ ಕೂತ. ಆಗ ನನಗೆ ಎಲ್ಲ ಅರ್ಥವಾಯಿತು.

ಬಣ್ಣ ಹಚ್ಚುವ ಹುಡುಗಿ ಮೂಗೊರೆಸಿಕೊಂಡಳು. ನಿರ್ದೇಶಕರು ಕೆಟ್ಟವರಲ್ಲ, ಅವರ ಕಸುಬು ಹೆದರಿಸುವುದು. ಇದರಲ್ಲಿ ಅಳು ಬರುತ್ತದೆ, ಭಯ ಬರುವುದಿಲ್ಲ, ಇನ್ನೊಮ್ಮೆ ಹೋಗೋಣ ಎಂದರು. ಅಷ್ಟರಲ್ಲಿ ತೋಟದ ಮ್ಯಾನೇಜರ್ ಬಂದು ಐದು ಹಿಡಿ ಅನ್ನವನ್ನು ಎಣಿಸುವವನಂತೆ ನೋಡಿ, ಇದು ಶೂಟಿಂಗ್ ತಾನೇ, ಇಲ್ಲವಾದರೆ ಈ ಮನುಷ್ಯನನ್ನು ಈಗಲೇ ಜೀಪು ಹತ್ತಿಸಿ ಹೊರಗೆ ಬಿಡುತ್ತೇನೆ ಎಂದ. ನಾನು ಮಾದನ್‌ನ ಬಳಿ ಬಗ್ಗಿ, ಇನ್ನೊಮ್ಮೆ ಮಾಡಿಬಿಡು, ಬರೀ ನಟನೆ ಎಂದೆ. ಹೇಳಿದ ಮರುಕ್ಷಣವೇ ನಾಚಿದೆ. ಇವತ್ತಿಗೂ ಆ ನಾಚಿಕೆ ಹೋಗಿಲ್ಲ.

“ಬಂದು ಕೂತಾಯ್ತು ಮಾಷೇ. ಕೈ ಎಲೆಗೆ ಹಾಕಿದ್ದಾರೆ. ಈಗ ಏಳಿ, ಆಚೆ ಹೋಗಿ, ಇನ್ನೊಮ್ಮೆ ಕರೀತೇನೆ ಅಂತ ಅವ್ವಂಗೆ ಹೆಂಗೆ ಹೇಳಲಿ?”

ಮಾಡದಿದ್ದರೆ ಜೀಪು, ಕರೆದವರನ್ನು ಎಲೆಯ ಮುಂದೆ ಬಿಟ್ಟು ಮಗನನ್ನು ಎತ್ತಿಕೊಂಡು ಹೋಗುತ್ತಾರೆ. ಮಾಡಿದರೆ ಉಣ್ಣುತ್ತಿದ್ದ ತಾಯಿಯನ್ನು ಎಬ್ಬಿಸಿದ ಪಾಪ. ಮಾದನ್ ಎಲೆಯ ಕಡೆ ನೋಡಿದ, ಮ್ಯಾನೇಜರನ ಬೂಟಿನ ಕಡೆ ನೋಡಿದ. ಆಮೇಲೆ ಇನ್ನೊಂದು ಎಲೆ ಕೊಡಿ ಎಂದ. ಅದರಲ್ಲಿ ಆರನೆಯ ಹಿಡಿ ಅನ್ನವಿಟ್ಟ. ಕ್ಯಾಮೆರಾ ಓಡಿತು. ಅವನು ಮೊದಲು ಐದು ಹಿಡಿಯ ಕಡೆ ಬಾಗಿ, ಹಲ್ಲು ಕಚ್ಚಿ, ಕೆಳದನಿಯಲ್ಲಿ ನುಡಿದ.

“ಅವ್ವಾ, ಏಳಬೇಡ. ದೊಡ್ಡವ್ವಾ, ನೀನೂ ಉಣ್ಣು. ಇವರದ್ದೊಂದು ಆಟ ಇದೆ, ಅದು ಮುಗಿಯೋವರೆಗೆ ಮಿಂಡದೆ, ಮಾತಾಡದೆ ಕೂತಿರಿ.”

ಆಮೇಲೆ ಎದ್ದು ನಿಂತು, ಬಂಗಲೆಯ ಕಡೆ ತಿರುಗಿ, ಇಪ್ಪತ್ತೈದು ವರ್ಷದ ಸಿಟ್ಟನ್ನೆಲ್ಲ ಗಂಟಲಿಗೆ ತಂದು ಕೂಗಿದ. ಹಸಿದು ಸತ್ತ ದೊರಸಾನಿಯೇ, ನಿನ್ನ ಹೆಸರು ಗೊತ್ತಿಲ್ಲ, ಬಾ, ನಿನಗೂ ಒಂದು ಪಾಲು ಇದೆ ಎಂದ. ಮರದ ಮೇಲಿದ್ದ ಹಕ್ಕಿಗಳು ಎದ್ದವು. ನಿರ್ದೇಶಕರು ಕುಣಿದಾಡಿದರು, ಮ್ಯಾನೇಜರ್ ಬೀಡಿ ಹಚ್ಚಿ ಹೊರಟುಹೋದ.

ತಂಡ ಸಾಮಾನು ಕಟ್ಟುವವರೆಗೆ ಮಾದನ್ ಎಲೆಯ ಮುಂದೆ ಕೂತಿದ್ದ. ಆಮೇಲೆ ಇಳಿಜಾರು ಇಳಿದು ಗೇಟಿನ ಕಡೆ ನಡೆದ, ಮೆಲ್ಲಗೆ, ವಯಸ್ಸಾದವರ ಹೆಜ್ಜೆಗೆ ಹೊಂದಿಸಿಕೊಂಡು. ನಾನು ಅವನ ಬೆನ್ನಿಗೆ ಹತ್ತಿರವಾಗಿ ಹೋಗುವುದು ತಪ್ಪೆನಿಸಿ ಬಹಳ ಹಿಂದೆ ಉಳಿದೆ. ಶ್ರೀಧರನ್ ಗೇಟು ತೆರೆದು, ಮಾದನ್ ದಾಟಿದ ಮೇಲೆ ಮುಚ್ಚಲು ಕೈ ಹಾಕಿದ. ಇನ್ನೂ ಇದ್ದಾರೆ, ತುಸು ಹಿಡಿದಿರು ಎಂದು ಮಾದನ್ ತಿರುಗದೆಯೇ ಹೇಳಿದ. ಶ್ರೀಧರನ್ ನನ್ನನ್ನು ನೋಡಿದ. ನಾನು ಇನ್ನೂ ಕಾಫಿ ಗಿಡಗಳ ನಡುವೆ ದೂರದಲ್ಲಿದ್ದೆ. ನಾನು ಬಂದು ದಾಟುವವರೆಗೂ ಅವನು ಆ ಕಬ್ಬಿಣದ ಬಾಗಿಲನ್ನು ಹಿಡಿದೇ ನಿಂತ. ತಲೆಯ ಟೊಪ್ಪಿ ಯಾವಾಗ ಕೈಗೆ ಬಂದಿತ್ತೋ, ಅವನಿಗೂ ತಿಳಿದಿರಲಿಲ್ಲ.

ಇಲ್ಲಿಗೆ ಕತೆ ಮುಗಿದು ಮಾದನ್ ನೆಮ್ಮದಿಯಾಗಿ ಬೆಂಚಿನ ಮೇಲೆ ಕೂತ ಎಂದು ಬರೆಯಲು ನನಗೂ ಆಸೆ. ಎರಡು ತಿಂಗಳು ಹಾಗೆಯೇ ಇತ್ತು. ರಸ್ತೆ ಬದಿಯ ಹಾಡಿಯ ಹಲಸಿನ ಮರದಡಿ ಐದು ಕಲ್ಲು ಬಂದವು, ಅವನ ಹಿಮ್ಮಡಿ ನೆಲಕ್ಕೆ ತಾಗಿತು. ಆಮೇಲೆ ಧಾರಾವಾಹಿಯ ಆ ಕಂತು ಟೀವಿಯಲ್ಲಿ ಬಂತು. ಆಂಟೆನಾವನ್ನು ಮೈಸೂರಿನ ದಿಕ್ಕಿಗೆ ತಿರುಗಿಸಿ, ಮಾದನ್‌ನನ್ನೂ ಶಾಂತಳನ್ನೂ ಮನೆಗೆ ಕರೆದಿದ್ದೆ. ನನ್ನ ಹೆಂಡತಿ ಸುಶೀಲ ಸೆರಗಿನಲ್ಲಿ ಕಣ್ಣು ಮುಚ್ಚಿಕೊಂಡೇ ನೋಡಿದಳು. ಮಾದನ್ ಹಲ್ಲು ಕಚ್ಚಿ ನುಡಿಯುವ ಮಾತಿಗೆ ಕರ್ನಾಟಕದ ಮಕ್ಕಳೆಲ್ಲ ಹೆದರಿ ಅಮ್ಮನ ಮಡಿಲು ಸೇರಿದರಂತೆ. ಅದು ಒಬ್ಬ ಮಗ ತಾಯಿಗೆ ನೀನು ಉಣ್ಣು ಎಂದು ಹೇಳುತ್ತಿರುವುದು ಎಂದು ಯಾರಿಗೆ ಗೊತ್ತು? ಆದರೆ ಕೊನೆಯ ದೃಶ್ಯದಲ್ಲಿ, ವೀಕ್ಷಕರಿಗೆ ಇನ್ನೊಂದು ನಡುಕ ಇರಲಿ ಎಂದು, ನಿರ್ದೇಶಕರು ದೊರಸಾನಿಯನ್ನು ಮತ್ತೆ ಬಂಗಲೆಯ ಪಡಸಾಲೆಯಲ್ಲಿ ದೀಪ ಹಿಡಿದು ನಡೆಸಿದ್ದರು. ಮಾದನ್ ಎದ್ದು ನಿಂತ.

“ಅವಳು ಇನ್ನೂ ಅಲ್ಲೇ ಇದ್ದಾಳೆ ಮಾಷೇ.”

ತಂಡದವರು ಅವಳ ಕಡೆಯವರು, ವ್ಯಾನಿನಲ್ಲಿ ಕರೆದುಕೊಂಡು ಹೋಗಿರುತ್ತಾರೆ ಎಂದು ಅವನು ನಂಬಿದ್ದನಂತೆ. ತಾನು ಕರೆದ, ತನ್ನವರನ್ನು ಮಾತ್ರ ಕರೆದುಕೊಂಡು ಬಂದ, ಅವಳನ್ನು ಎಲೆಯ ಮುಂದೆ ಬಿಟ್ಟ. ಇದಕ್ಕಿಂತ ಹೀನ ಕೆಲಸ ಉಂಟೇ ಎಂದು ಅವನು ಮೂರು ದಿನ ಅನ್ನ ಮುಟ್ಟಲಿಲ್ಲವೆಂದು ಶಾಂತ ಬಂದು ಹೇಳಿದಳು. ನಾಲ್ಕನೆಯ ದಿನದಿಂದ ತಂಡ ಅವನಿಗೇ ಬಿಟ್ಟುಹೋಗಿದ್ದ ಆ ಕರಿ ಕೋಟು ತೊಟ್ಟು ಗೇಟಿನ ಮುಂದೆ ಕುಕ್ಕರಿಸತೊಡಗಿದ. ಶ್ರೀಧರನ್ ಕೈಮುಗಿದ, ತನ್ನ ಕೆಲಸ ಹೋಗುತ್ತದೆ ಎಂದ. ಅವಳ ಹೆಸರು, ಊರು ತಿಳಿಸಿರೆಂದು ಮಾದನ್ ನನ್ನಿಂದ ನಿರ್ದೇಶಕರಿಗೆ ಕಾಗದ ಬರೆಸಿದ. ನಟಿಯ ಊರು ದಾವಣಗೆರೆ, ಮದುವೆ ಗೊತ್ತಾಗಿದೆ, ಕ್ಷೇಮವಾಗಿದ್ದಾಳೆ ಎಂದು ಉತ್ತರ ಬಂತು. ಆ ಹುಡುಗಿ ತನ್ನ ಅನ್ನ ತಾನು ಉಣ್ಣುತ್ತಾಳೆ, ಅವಳ ಮಾತಲ್ಲ ಎಂದು ಮಾದನ್ ಕಾಗದ ಹಿಂದಕ್ಕೆ ಕೊಟ್ಟ.

ಅದು ಭೂಮಿ ಹೋರಾಟ ಕಾವೇರಿದ್ದ ಕಾಲ. ಕಾಡಂಚಿನಲ್ಲಿ, ಪಾಳುಬಿದ್ದ ತೋಟಗಳಲ್ಲಿ ಗುಡಿಸಲುಗಳು ಏಳುತ್ತಿದ್ದವು, ಬೀಳುತ್ತಿದ್ದವು. ಮುಖಂಡ ಚಂದ್ರನ್, ಓದಿದ ಹುಡುಗ, ಒಳ್ಳೆಯವನು, ಗೇಟಿನ ಮುಂದಿನ ಮಾದನ್‌ನನ್ನು ನೋಡಿ ಇದೇ ನಿಜವಾದ ಸತ್ಯಾಗ್ರಹವೆಂದು ಪತ್ರಿಕೆಯವರನ್ನು ಕರೆತಂದ. ನೀವು ಎಷ್ಟು ಎಕರೆ ಕೇಳುತ್ತೀರಿ ಎಂದು ಅವರು ಕೇಳಿದರೆ, ನಾನು ಒಬ್ಬ ಹೆಂಗಸನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದು ಇವನು ಹೇಳಿ ಚಂದ್ರನ್‌ನ ಮುಖ ಬಾಡಿಸಿದ. ಒಂದು ಬೆಳಿಗ್ಗೆ ಮುನ್ನೂರು ಜನ ಗೇಟು ದಾಟಿ ಇಳಿಜಾರಿನಲ್ಲಿ ಬಿದಿರು ಹುಗಿದರು. ಎಲ್ಲರೂ ನೆಲ ಅಳೆಯುತ್ತಿದ್ದಾಗ ಮಾದನ್ ಬಂಗಲೆಯೊಳಗೆ ಹೋದ. ಅಂಟಿನ ಬಲೆಗಳು ಇನ್ನೂ ತೂಗಾಡುತ್ತಿದ್ದ ಆ ಕೋಣೆಯ ಬಾಗಿಲಲ್ಲಿ ನಿಂತು, ತಡವಾಯಿತು, ಹೊರಡು ಎಂದ. ಮೆಲ್ಲಗೆ ಹೊರಗೆ ನಡೆದು ಬಂದ.

ಜಗಳ ಎದ್ದದ್ದು ಹಲಸಿನ ಮರದಡಿಯಲ್ಲಿ, ಆರನೆಯ ಕಲ್ಲಿನ ಮೇಲೆ. ಹಾಡಿಯ ಹಿರಿಯರು ಬೇಡವೆಂದರು, ಕುಲದವಳಲ್ಲ, ಜಾತಿಯವಳಲ್ಲ, ದೇಶದವಳೂ ಅಲ್ಲ. ಚಂದ್ರನ್ ತಾಳ್ಮೆಯಿಂದ, ಅವಳು ಹುಟ್ಟಿದವಳೇ ಅಲ್ಲ, ಯಾರೋ ಬರೆದದ್ದು ಎಂದು ತಿಳಿಹೇಳಿದ. ಎಲ್ಲರಿಗಿಂತ ಕಟುವಾಗಿ ಆಡಿದವಳು ಮಗಳು ಶಾಂತ. ಅಜ್ಜಿಯ ಮುಖವನ್ನೇ ಕಾಣದೆ ಬೆಳೆದವಳು ಅವಳು.

“ಅವಳ ಗಂಡನ ಕಡೆಯವರೇ ಅಲ್ವಾ ಅಪ್ಪಾ ನಮ್ಮ ನೆಲ ಹಿಡಿದದ್ದು? ಅಜ್ಜಿ ಪಕ್ಕದಲ್ಲಿ ಅವಳನ್ನ ಕೂರಿಸ್ತೀಯಾ?”

ಮಾದನ್ ‘ಅದಿರಲಿ’ ಎನ್ನಲಿಲ್ಲ. ಕಲ್ಲನ್ನು ಎರಡು ಕೈಯಲ್ಲಿ ಹೊತ್ತುಕೊಂಡೇ ಉತ್ತರಿಸಿದ.

“ಅವಳನ್ನೂ ಬೀಗ ಹಾಕಿಯೇ ಕೊಂದದ್ದು ಮೋಳೇ. ಕೂರೋಕೆ ನೆಲ ಇಲ್ಲದವಳಿಗೆ ನಾವು ಇಲ್ಲ ಅಂದ್ರೆ, ಗೇಟಿನ ಮುಂದೆ ನಿಂತು ನಾವು ಕೇಳೋದಾದರೂ ಏನು?”

ಶಾಂತ ಅತ್ತಳು. ಅಳುತ್ತಲೇ ಹೋಗಿ ಗುದ್ದಲಿ ತಂದಳು. ಚಾತಿಯ ಕಲ್ಲಿಗೆ ಒಂದು ಮೊಳ ದೂರದಲ್ಲಿ ಅವಳೇ ಗುಂಡಿ ತೋಡಿದಳು.

ಇಪ್ಪತ್ತೆರಡನೆಯ ದಿನ ಪೋಲೀಸರು ಬಂದು ತೋಟದಲ್ಲಿನ ಗುಡಿಸಲುಗಳನ್ನು ಸುಟ್ಟರು. ಎಲ್ಲರನ್ನೂ ಲಾರಿಯಲ್ಲಿ ತುಂಬಿದರು; ಮಾದನ್‌ನ ಎಡಗೈ ಮುರಿಯಿತು, ಮತ್ತೆ ನೆಟ್ಟಗೆ ಕೂಡಲಿಲ್ಲ. ನೆಲ ಅವರಿಗೆ ಇಂದಿಗೂ ಸಿಕ್ಕಿಲ್ಲ, ಭರವಸೆಗಳು ಬೇಕಾದಷ್ಟು ಸಿಕ್ಕಿವೆ. ಅವನು ತೀರಿಕೊಂಡಾಗ ಕರೆಯುವ ಹಕ್ಕು ಗಂಡುಮಕ್ಕಳದ್ದು ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಶಾಂತಳೇ ಹೋಗಿ ಕರೆದು ತಂದಳು. ಈಗ ಅಲ್ಲಿ ಏಳು ಕಲ್ಲುಗಳಿವೆ. ವರ್ಷಕ್ಕೊಮ್ಮೆ ಏಳು ಹಿಡಿ ಅನ್ನ ಬೀಳುತ್ತದೆ. ದಾರಿಹೋಕರ ಕಣ್ಣಿಗೆ ಬರೀ ಕಲ್ಲು.

ಇಂಥವರನ್ನು ಮುಗ್ಧರು ಎಂದು ಕರೆದು ಕೈತೊಳೆದುಕೊಳ್ಳುವುದು ನಮ್ಮಂಥ ಓದಿದವರ ಅನುಕೂಲ. ಯಾವುದು ಕತೆ, ಯಾವುದು ನಿಜ ಎಂಬ ವ್ಯತ್ಯಾಸ ಮಾದನ್‌ಗೆ ಚೆನ್ನಾಗಿಯೇ ತಿಳಿದಿತ್ತು. ಹಸಿವಿನ ವಿಚಾರದಲ್ಲಿ ಆ ವ್ಯತ್ಯಾಸವನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೆ. ಒಮ್ಮೆ ಬಾ ಎಂದ ಮೇಲೆ ಬಂದವರಿಗೆ ಜಾಗ ಮಾಡಿಕೊಡುವವರೆಗೆ ಕೂರಲಾರದ ಜನ ಇವರು. ಇಂಥವರಿಂದ ನೆರೆಯವರಿಗೆ ನೆಮ್ಮದಿ ಸಿಗುವುದಿಲ್ಲ. ದೆವ್ವದ ಕತೆ ನೋಡಿದವನು ಒಂದು ವಾರ ಹೆದರಿ ಮರೆತುಬಿಡುತ್ತಾನೆ, ಇಂಥ ಒಬ್ಬನ ಪಕ್ಕದಲ್ಲಿ ಬದುಕಿದವನಿಗೆ ಆ ಸೌಲಭ್ಯವಿಲ್ಲ. ನಮ್ಮ ಮನೆಯ ಹಿಂದೆಯೂ ನಾಲ್ಕೆಕರೆ ಕಾಫಿ ಇದೆ. ಅದಕ್ಕೆ ಕಾಗದವಿದೆ, ಕಾಗದದಲ್ಲಿ ಅಜ್ಜನ ಹೆಸರಿದೆ. ನಾವು ಬರುವ ಮೊದಲು ಅಲ್ಲಿ ಯಾರ ಹಾಡಿಯಿತ್ತು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ.